ಗುಬ್ಬಿ ಯಾಕೆ ಹೊಳೆ ದಾಟಲಿಲ್ಲ

ರಾಣೆಬೆನ್ನೂರು
೧೨-೬-೨೦೦೩

ಪ್ರೀತಿಯ ಬಿಬಿ,

ಎರಡು ವರ್ಷ ಒಂದು ಸಾಲೂ ಬರೆಯದವಳು ಈಗ ಏಕಾಏಕಿ ಬರೆಯುತ್ತಿದ್ದೇನೆ ಎಂದರೆ ಏನೋ ಕೆಲಸವಿದೆ ಎಂದೇ ತಿಳಿದುಕೋ. ಬೈಯುವುದನ್ನೆಲ್ಲ ಮುಂದಿನ ಪತ್ರದಲ್ಲಿ ಒಟ್ಟಿಗೆ ಬೈದುಬಿಡು. ಮೊದಲು ಸುದ್ದಿ. ನನ್ನ ಮದುವೆಯಾಯಿತು. ಫೆಬ್ರುವರಿಯಲ್ಲಿ, ಕದರಮಂಡಲಗಿ ಹನುಮಪ್ಪನ ಗುಡಿಯಲ್ಲಿ, ಹತ್ತು ಮಂದಿಯ ಮುಂದೆ. ಯಜಮಾನರ ಹೆಸರು ಪ್ರವೀಣಕುಮಾರ. ಇಲ್ಲಿ ಬೀಜ-ಗೊಬ್ಬರದ ಅಂಗಡಿ, ಮೇಡ್ಲೇರಿಯಲ್ಲಿ ಹೊಲ. ಒಳ್ಳೆಯವರು, ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಅತ್ತೆ ಪ್ರೇಮವ್ವನವರೇ ಆಡಿ ಮುಗಿಸುತ್ತಾರೆ. ಫೋನು ಅತ್ತೆಯವರ ಮಂಚದ ಪಕ್ಕದಲ್ಲೇ ಇದೆ, ಹಾಗಾಗಿ ನಮಗೆ ಪತ್ರವೇ ವಾಸಿ.

ಈಗ ಕೆಲಸದ ಮಾತು. ಧಾರವಾಡದ ಹಾಸ್ಟೆಲ್ಲಿನಲ್ಲಿ ಆಡುತ್ತಿದ್ದ ಆಟ ನೆನಪಿದೆಯಾ? ಪುಣೆಯ ಹುಡುಗಿ ತಂದಿದ್ದ ಇಂಗ್ಲಿಷ್ ಪುಸ್ತಕದಿಂದ ನಿಯಮಗಳನ್ನು ಕದ್ದು, ಇನ್ನೂರು ಪುಟದ ನೋಟಬುಕ್ಕಿನಲ್ಲಿ ನಮ್ಮದೇ ರಾಜ್ಯ ಕಟ್ಟಿದ್ದೆವು. ನೀನು ಸೂತ್ರಧಾರಿ, ಊರು, ಕಾಡು, ಕಳ್ಳಕಾಕರೆಲ್ಲ ನಿನ್ನ ಕಡೆಯವರು. ನಾನೊಂದು ಪಾತ್ರ. ಪಾತ್ರ ಏನು ಮಾಡಿತೆಂದು ನಾನು ಹೇಳಬೇಕು, ಅದರಿಂದ ಏನಾಯಿತೆಂದು ನೀನು ಹೇಳಬೇಕು. ಅಪಾಯ ಬಂದಾಗ ಮಾತ್ರ ಎರಡು ದಾಳ ಹಾಕುವುದು, ಏಳು ದಾಟಿದರೆ ಪಾರು. ಆ ನೋಟಬುಕ್ಕು ಮೊನ್ನೆ ಸಿಕ್ಕಿತು. ಬೇಸಿಗೆ ರಜೆಯಲ್ಲಿ ಮಾಡುತ್ತಿದ್ದ ಹಾಗೆ ಪತ್ರದಲ್ಲೇ ಆಡೋಣ. ದಾಳ ಹಾಕುವಾಗ ಸಾಕ್ಷಿಯೊಬ್ಬರು ಇರಬೇಕು, ಪತ್ರದ ಮೇಲೆ ಅವರ ಸಹಿ ಬೇಕು. ಲಕೋಟೆಯ ಮೇಲೆ ಪಾತ್ರದ ಹೆಸರೇ ಇರಬೇಕು. ಹಳೆಯ ಪದ್ಧತಿ ಯಾವುದೂ ತಪ್ಪಬಾರದು.

ಆದರೆ ನನ್ನ ಕುದುರೆಗಳ್ಳಿ ಹೊನ್ನಿ ಇನ್ನು ಸಾಕು. ಹೊಸ ಪಾತ್ರ ಬೇಕು: ಗುಬ್ಬಿ, ಎಂಟು ವರ್ಷದ ಹುಡುಗಿ. ನಮ್ಮ ನೋಟಬುಕ್ಕಿನಲ್ಲಿ ಮಕ್ಕಳಿಗೆ ನಿಯಮವೇ ಇಲ್ಲ. ದೊಡ್ಡವರ ಬಲ, ಬುದ್ಧಿ, ಧೈರ್ಯ ಎಲ್ಲವನ್ನೂ ಅರ್ಧ ಮಾಡಿ ನೋಡಿದೆ. ಅರ್ಧ ಹೆಂಗಸಾದಳೇ ಹೊರತು ಹುಡುಗಿಯಾಗಲಿಲ್ಲ. ನೀನು ಆ ವಯಸ್ಸಿನವರ ನಡುವೆಯೇ ಇರುವ ಮಾಸ್ತರಿಣಿ. ಎಂಟು ವರ್ಷದವಳನ್ನು ಹಾಳೆಯ ಮೇಲೆ ಹೇಗೆ ತರುವುದು, ಹೇಳು.

ನಿನ್ನ
ಪುಷ್ಪಲತಾ


ಬ್ಯಾಡಗಿ
೨೦-೬-೨೦೦೩

ಶ್ರೀಮತಿ ಪುಷ್ಪಲತಾ ಬಾಯಿಯವರಿಗೆ,

ಕದರಮಂಡಲಗಿಗೆ ನಮ್ಮ ಅಬ್ಬಾ ರಹಿಮಾನಸಾಬರು ಈ ವಯಸ್ಸಿನಲ್ಲೂ ಸೈಕಲ್ ಮೇಲೆ ಹೋಗಿ ಬರುತ್ತಾರೆ. ಅಷ್ಟು ಹತ್ತಿರ ಬಂದು ತಾಳಿ ಕಟ್ಟಿಸಿಕೊಂಡು, ನನಗೊಂದು ಮಾತು ಹೇಳದೆ ಹೋದೆಯಲ್ಲ. ಓದಿ ಎರಡು ದಿನ ಉರಿದುಕೊಂಡೆ. ಅಬ್ಬಾ ಮಾತ್ರ, "ಇರ್ಲಿ ಬಿಡು ಬೇಟಿ, ಗಡಿಬಿಡಿಯೊಳಗ ಆಗಿರ್ತೈತಿ" ಎಂದರು.

ಮೂರನೇ ದಿನ ಪತ್ರವನ್ನು ಮತ್ತೊಮ್ಮೆ ಓದಿದೆ. ಫೆಬ್ರುವರಿಯಲ್ಲಿ ಮದುವೆ, ಜೂನ್‌ನಲ್ಲಿ ಕುದುರೆ ಬೇಡ, ಕತ್ತಿ ಬೇಡ, ಪುಟ್ಟ ಹುಡುಗಿ ಬೇಕು. ತಿಳಿಯಿತು ಬಿಡು. ಬೈಗುಳವನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ಭಾರ ಎತ್ತಬೇಡ, ಹಟ ಮಾಡಬೇಡ.

ಗುಬ್ಬಿಯ ವಿಚಾರ. ಏನನ್ನೂ ಅರ್ಧ ಮಾಡಬೇಡ. ನನ್ನ ಇಯತ್ತೆಯ ಮಕ್ಕಳನ್ನು ನೋಡಿ ಹೇಳುತ್ತೇನೆ, ಅವರಲ್ಲಿ ಕೆಲವು ನಮಗಿಂತ ಜಾಸ್ತಿಯೇ ಇರುತ್ತವೆ. ಮೇಲಿನ ನಾಗೊಂದಿಗೆಗೆ ಕೈ ಎಟುಕುವುದಿಲ್ಲ ನಿಜ, ಆದರೆ ಬೇಲಿಯ ಸಂದಿಯಲ್ಲಿ ನಾವು ನುಗ್ಗುತ್ತೇವೆಯೇ? ದೊಡ್ಡವರು ಮಕ್ಕಳ ಮುಂದೆ ದನಿ ತಗ್ಗಿಸುವುದಿಲ್ಲ, ಹಾಗಾಗಿ ಗುಬ್ಬಿಗೆ ಕದ್ದು ಕೇಳಲು ದಾಳ ಹಾಕುವ ಅಗತ್ಯವೇ ಇಲ್ಲ. ಮನಸ್ಸಿಗೆ ಬಂದ ಒಂದು ಕೆಲಸವನ್ನು ಹಿಡಿದರೆ ಬಿಡುವುದಿಲ್ಲ, ಅದಕ್ಕೆ ಹನ್ನೆರಡಕ್ಕೆ ಹನ್ನೆರಡು ಕೊಡು. ಇನ್ನೊಂದು ನಿಯಮ ಮಾತ್ರ ಕಡ್ಡಾಯ: ಮನೆಯ ಹಿರಿಯರು ಹೇಳಿದ್ದನ್ನು ಗುಬ್ಬಿ ನಂಬುತ್ತಾಳೆ. ಸುಳ್ಳಾದರೂ ನಂಬುತ್ತಾಳೆ. ಅದಕ್ಕೆ ದಾಳ ಹಾಕುವಂತಿಲ್ಲ.

ಶುರು ಮಾಡು. ಗುಬ್ಬಿ ಎಲ್ಲಿದ್ದಾಳೆ, ಏನು ಬೇಕಾಗಿದೆ ಅವಳಿಗೆ?

ಸೂತ್ರಧಾರಿ
ಬಿಬಿಜಾನ್


ರಾಣೆಬೆನ್ನೂರು
೫-೭-೨೦೦೩

ಪ್ರೀತಿಯ ಬಿಬಿ,

ನಿನ್ನ ಊಹೆಯ ಬಗ್ಗೆ ಈಗ ಏನೂ ಬರೆಯುವುದಿಲ್ಲ. ಸಿಟ್ಟಾಗಬೇಡ.

ಗುಬ್ಬಿ ಹೊಳೆದಂಡೆಯ ಊರಿನವಳು. ಅವಳ ಅವ್ವನಿಗೆ ಆರಾಮಿಲ್ಲದೆ ಆಚೆ ದಂಡೆಯ ವೈದ್ಯರ ಬಳಿಗೆ ಕರೆದುಕೊಂಡು ಹೋಗಿದ್ದಾರೆ. ಹೋಗಿ ಬಹಳ ದಿನವಾಯಿತು. ಬರುತ್ತಾಳೆ ಎಂದು ಮನೆಯವರು ಹೇಳುತ್ತಾರೆ, ಬಂದಿಲ್ಲ. ಗುಬ್ಬಿ ತಾನೇ ಹೋಗಿ ಕರೆತರಲು ಹೊರಟಿದ್ದಾಳೆ. ಒಂದು ಗಂಟಿನಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ. ಹೊಳೆಯವರೆಗೆ ಬಂದಳು. ಹರಿಗೋಲು ಇದೆ, ಅಂಬಿಗ ಉಡಚಪ್ಪ ಹತ್ತು ಎನ್ನುತ್ತಾನೆ. ಗುಬ್ಬಿ ಹತ್ತುವುದಿಲ್ಲ. ಅವನ ಆಡಿಗೆ ತೊಪ್ಪಲು ಹಾಕುತ್ತಾ ಕುಳಿತಿದ್ದಾಳೆ.

ಯಾಕೆ ಹತ್ತಲಿಲ್ಲ ಎಂದು ನನ್ನನ್ನು ಕೇಳಬೇಡ. ನನಗೂ ಗೊತ್ತಿಲ್ಲ, ನೀರಿಗೆ ಹೆದರಿರಬೇಕು.

ಆ "ಸುಳ್ಳಾದರೂ ನಂಬುತ್ತಾಳೆ" ನಿಯಮವನ್ನು ನಾಲ್ಕು ಸಲ ಓದಿದೆ. ತೆಗೆದುಹಾಕಲು ಬರುವುದಿಲ್ಲವೇ?

ಪುಷ್ಪಲತಾ


ಬ್ಯಾಡಗಿ
೧೯-೭-೨೦೦೩

ಪುಷ್ಪಾ,

ನಿಯಮ ಇರಲಿ. ಅದಿಲ್ಲದಿದ್ದರೆ ಅವಳು ಹುಡುಗಿಯೇ ಅಲ್ಲ, ಕುಳ್ಳಗಿನ ವಕೀಲೆ.

ಗುಬ್ಬಿ ಆಡಿನ ಹತ್ತಿರ ಕುಳಿತಿದ್ದಾಗ ಹುಚ್ಚುನಾಯಿಯೊಂದು ನುಗ್ಗಿ ಬಂತು. ದಾಳ: ಹನ್ನೊಂದು. ನಾಯಿ ಹೆದರಿ ಓಡಿತು. ಆಮೇಲೆ ಮೇಲಿನಿಂದ ಮಳೆನೀರು ನುಗ್ಗಿ ದಂಡೆ ಕುಸಿಯಿತು. ದಾಳ: ಹನ್ನೆರಡು. ಗುಬ್ಬಿಯ ಲಂಗ ಕೂಡ ಒದ್ದೆಯಾಗಲಿಲ್ಲ. ಸಾಕ್ಷಿ: ರಹಿಮಾನಸಾಬ. ಸಹಿ ಕೆಳಗಿದೆ.

ಬಾಯಿಗೆ ಹುಳಿ ಬೇಕೆನಿಸುತ್ತಿರಬೇಕು. ಜೊತೆಗೆ ಹುಣಸೆ ಚಿಗಳಿ ಕಳಿಸಿದ್ದೇನೆ. ಅತ್ತೆಯವರಿಗೆ ಕಾಣಿಸದಂತೆ ತಿನ್ನು, ಇಲ್ಲವಾದರೆ ಕಾಣಿಸುವಂತೆ ತಿನ್ನು, ಹೇಗೆ ಅನುಕೂಲವೋ ಹಾಗೆ.

ಗುಬ್ಬಿ ಹರಿಗೋಲು ಹತ್ತಲಿ. ಆಚೆ ದಂಡೆಯನ್ನು ನಾನು ಚೆಂದ ಮಾಡಿ ಇಟ್ಟಿದ್ದೇನೆ.

ಬಿಬಿ


ರಾಣೆಬೆನ್ನೂರು
೨೮-೭-೨೦೦೩

ಬಿಬಿ,

ಚಿಗಳಿ ಒಂದೇ ದಿನಕ್ಕೆ ಖಾಲಿ. ತಿಂದವಳು ನಾನಲ್ಲ, ನಮ್ಮ ಮನೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ.

ಗುಬ್ಬಿ ಹತ್ತಲಿಲ್ಲ. ಹರಿಗೋಲಿಗೆ ತೂತು ಬಿದ್ದಿದೆ ಎನ್ನುತ್ತಾಳೆ. ತೂತಿಲ್ಲ ಎಂದು ಉಡಚಪ್ಪ ಆಣೆ ಮಾಡಿದರೂ ಕೇಳುತ್ತಿಲ್ಲ. ಡಾಂಬರು ತರುತ್ತೇನೆಂದು ಪೇಟೆಗೆ ಹೋದಳು. ಪೇಟೆಯಲ್ಲಿ ಬಳೆ ನೋಡುತ್ತಾ ನಿಂತಿದ್ದಾಳೆ.

ದಾಳವನ್ನು ಚೆನ್ನಾಗಿ ಕುಲುಕಿ ಹಾಕು, ಬಿಬಿ.

ಪುಷ್ಪಲತಾ


ಬ್ಯಾಡಗಿ
೮-೮-೨೦೦೩

ಗುಬ್ಬಿಗೆ,

ನೀನಾಗಿ ಹತ್ತದಿದ್ದರೆ ಸೂತ್ರಧಾರಿಯೇ ಹತ್ತಿಸುತ್ತಾಳೆ. ಪಂಚಮಿ ಹಬ್ಬದ ಕಾಣಿಕೆ ಎಂದು ತಿಳಿದುಕೋ. ಪೇಟೆಯಿಂದ ಬಂದು ದಣಿದ ಗುಬ್ಬಿ ದಂಡೆಯಲ್ಲೇ ನಿದ್ದೆಹೋದಳು. ಉಡಚಪ್ಪ ಅವಳನ್ನು ಎಬ್ಬಿಸದೆ ಎತ್ತಿಕೊಂಡು ಹರಿಗೋಲಿನಲ್ಲಿ ಮಲಗಿಸಿ ಆಚೆಗೆ ದಾಟಿಸಿದ. ದಾಳ: ಹನ್ನೆರಡು. ಸಾಕ್ಷಿ: ರಹಿಮಾನಸಾಬ. ಕಣ್ಣು ಬಿಟ್ಟಾಗ ವೈದ್ಯರ ಮನೆಯ ಅಂಗಳ. ಅಲ್ಲಿ ಕಟ್ಟೆಯ ಮೇಲೆ ಕುಳಿತು ತಲೆ ಬಾಚಿಕೊಳ್ಳುತ್ತಿದ್ದವಳು ಗುಬ್ಬಿಯ ಅವ್ವ. ಪೂರ್ತಿ ಆರಾಮಾಗಿದ್ದಾಳೆ. "ಬಂದ್ಯಾ ನನ್ನವ್ವ, ನಡಿ ಮನಿಗೆ ಹೋಗೂಣು" ಎಂದು ಎರಡೂ ಕೈ ಚಾಚಿದಳು.

ಪುಷ್ಪಾ, ಇದು ನಿಯಮಕ್ಕೆ ವಿರುದ್ಧ ಎಂದು ಜಗಳ ಆಡಬೇಡ. ಈ ದಿನಗಳಲ್ಲಿ ನಿನಗೆ ಒಳ್ಳೆಯದನ್ನೇ ಓದಿಸಬೇಕು ಎಂದು ಮಾಡಿದ್ದೇನೆ.

ಬಿಬಿ


ರಾಣೆಬೆನ್ನೂರು
೯-೮-೨೦೦೩

ಪ್ರೀತಿಯ ಬಿಬಿ,

ಸಿಕ್ಕಿಬಿದ್ದಿದ್ದೀಯ. ನಾನೂ ಸಿಕ್ಕಿಬಿದ್ದಿದ್ದೇನೆ.

ಚಿಗಳಿಯ ಜೊತೆ ಬಂದ ನಿನ್ನ ಪತ್ರ ಓದಿದ ಹುಡುಗಿ ಒಂದು ಮಧ್ಯಾಹ್ನವಿಡೀ ಪಡಸಾಲೆಯಲ್ಲಿ ಕುಳಿತು ದಾಳ ಹಾಕಿದಳು. ನೂರು ಸಲ. ಪ್ರತಿ ಸಲವೂ ಪಾಟಿಯ ಮೇಲೆ ಗೀಟು. ಹನ್ನೆರಡು ಬಿದ್ದದ್ದು ಎರಡೇ ಸಲ, ಹನ್ನೊಂದು ಐದು. ಆಮೇಲೆ ಸಾಕ್ಷಿಯ ಸಹಿಯನ್ನು ನಿನ್ನ ಅಕ್ಷರದ ಪಕ್ಕ ಇಟ್ಟು ನೋಡಿ, "ಇದು ಅವರಪ್ಪಂದು ಅಲ್ಲ, ಇವರದ ಐತಿ. ಎಲ್ಲಾರೂ ನನಗ ಸುಳ್ಳ ಹೇಳ್ತಾರ" ಎಂದಳು. ಆ "ಎಲ್ಲಾರೂ" ಒಳಗೆ ನಾನೂ ಇದ್ದೇನೆ.

ಹುಡುಗಿಯ ಹೆಸರು ದೀಪಿಕಾ. ನನ್ನ ಯಜಮಾನರ ಮಗಳು. ಗುಬ್ಬಿಯನ್ನು ಆಡುತ್ತಿರುವವಳು ಅವಳೇ. ನಾನು ಬರೀ ಬರೆಯುವವಳು. ನನಗೆ ಯಾವ ಬಯಕೆಯೂ ಇಲ್ಲ, ಬಸುರೂ ಇಲ್ಲ. ಎರಡನೇ ಸಂಬಂಧಕ್ಕೆ ಒಪ್ಪಿದೆ ಎಂದು ನಿನಗೆ ಹೇಳಲು ನಾಚಿಕೆಯಾಗಿ ಮದುವೆಗೆ ಕರೆಯಲಿಲ್ಲ, ಆಮೇಲೆ ನೀನು ಊಹಿಸಿಕೊಂಡದ್ದನ್ನು ತಿದ್ದಲೂ ಇಲ್ಲ.

ಅವಳ ತಾಯಿ ಒಂದೂವರೆ ವರ್ಷದ ಹಿಂದೆ ಹುಬ್ಬಳ್ಳಿಯ ದವಾಖಾನೆಯಲ್ಲಿ ತೀರಿಕೊಂಡರು. ಆಗ ದೀಪಿಕಾಳನ್ನು ಗುತ್ತಲದಲ್ಲಿ ಸೋದರತ್ತೆಯ ಮನೆಯಲ್ಲಿ ಇಟ್ಟಿದ್ದರು. ಮೇಡ್ಲೇರಿಯ ಹೊಲದಲ್ಲಿ ಮಣ್ಣು ಮಾಡಿ ಬಂದ ಅತ್ತೆಯವರು ಮನೆಯ ಎಲ್ಲರಿಂದ ಮಾತು ತೆಗೆದುಕೊಂಡರಂತೆ: "ಸಣ್ಣ ಕೂಸು, ತಡಕೊಳ್ಳೂದಿಲ್ಲ. ಅವ್ವ ಆರಾಮಾಗಾಕತ್ತಾಳ, ಬರ್ತಾಳ ಅಂತ ಹೇಳ್ರಿ." ಇವತ್ತಿಗೂ ಅದನ್ನೇ ಹೇಳುತ್ತಾರೆ. ಆ ಹೊಲಕ್ಕೆ ಹುಡುಗಿಯನ್ನು ಬಿಡುವುದಿಲ್ಲ, ಹಾವು ಇವೆ ಎನ್ನುತ್ತಾರೆ. ನಾನು ಬಂದಾಗ, "ನಿಮ್ಮವ್ವ ಬರೂತನಕ ಮನಿ ನೋಡಾಕ ಬಂದಾಳ" ಎಂದು ಪರಿಚಯ ಮಾಡಿಸಿದರು. ಯಜಮಾನರು ನೆಲ ನೋಡುತ್ತಾ ನಿಂತಿದ್ದರು. ನಾನೂ ಸುಮ್ಮನಿದ್ದೆ.

ಜೂನ್‌ವರೆಗೂ ಅವಳು ನನ್ನೊಡನೆ ಮಾತಾಡಲಿಲ್ಲ. ಒಂದು ದಿನ ಹಳೆಯ ನೋಟಬುಕ್ಕು ತೆರೆದು ಸುಮ್ಮನೆ ದಾಳ ಕುಲುಕಿದೆ, ಬಂದು ಪಕ್ಕದಲ್ಲಿ ಕುಳಿತಳು. ಅಂದಿನಿಂದ ನಮ್ಮಿಬ್ಬರಿಗೂ ಸಂಜೆ ಗುಬ್ಬಿಯದೇ ಮಾತು. ಈಗ ಆ ಗುಬ್ಬಿ ಅವ್ವನನ್ನು ಹುಡುಕುತ್ತಿದ್ದಾಳೆ. ಸಿಕ್ಕಳು ಎಂದು ನೀನು ಬರೆದರೆ ಈ ಮನೆಯ ಸುಳ್ಳಿಗೆ ನಾವೂ ಕೈ ಜೋಡಿಸಿದ ಹಾಗೆ. ಸಿಗಲಿಲ್ಲ ಎಂದರೆ ಅಷ್ಟು ದೊಡ್ಡ ಮಾತನ್ನು ದಾಳದ ಬಾಯಲ್ಲಿ ಹೇಳಿಸಿದ ಹಾಗೆ. ನಾನೇ ಹೇಳೋಣವೆಂದರೆ ಧೈರ್ಯ ಸಾಲದು. ಅವಳು ಮತ್ತೆ ಬಾಯಿ ಮುಚ್ಚಿಕೊಂಡರೆ ಈ ಮನೆಯಲ್ಲಿ ನನಗೆ ಯಾರಿದ್ದಾರೆ? ಕೈ ಮುಗಿಯುತ್ತೇನೆ, ಸದ್ಯಕ್ಕೆ ಏನೂ ಬರೆಯಬೇಡ.

ಪುಷ್ಪಲತಾ


ಬ್ಯಾಡಗಿ
೧೨-೮-೨೦೦೩

ಪುಷ್ಪಾ,

ಬರೆದಾಗಿದೆ. ಎಂಟನೇ ತಾರೀಖು ಡಬ್ಬಿಗೆ ಹಾಕಿದ್ದೇನೆ. ಅದರಲ್ಲಿ ಅವ್ವ ಸಿಕ್ಕಿದ್ದಾಳೆ.

ನಿನ್ನ ಪತ್ರ ಇವತ್ತು ಬಂತು. ಶಾಲೆ ಬಿಟ್ಟು ಪೋಸ್ಟಿಗೆ ಓಡಿದೆ. "ಅದು ಶನಿವಾರನ ಹೋಗೇತ್ರಿ ಅಕ್ಕಾರ, ಈಗ ಅವರ ಕೈಯಾಗ ಇರ್ತೈತಿ" ಎಂದ ಪೋಸ್ಟಿನ ಫಕ್ಕೀರೇಶ. ನಿಮ್ಮ ಮನೆಗೆ ಫೋನು ಮಾಡಿದೆ. ಅತ್ತೆಯವರು ಎತ್ತಿ, "ಕೆಲಸದಾಗ ಅದಾಳ. ನೀವ್ಯಾರ್ರಿ, ಏನ್ ಹೇಳ್ಲಿ?" ಎಂದರು. ಅವರಿಗೆ ಹೇಳುವ ಮಾತಲ್ಲವೆಂದು ಇಟ್ಟುಬಿಟ್ಟೆ.

ಅಬ್ಬಾನಿಗೆ ಎಲ್ಲ ಹೇಳಿದೆ. ಜೀವನದಲ್ಲಿ ನನ್ನನ್ನು ಗದರಿದವರಲ್ಲ. "ಮಗೂಗೆ ತೋರ್ಸಾಕ ನನ್ನ ಹೆಸರ್ಲೆ ಸುಳ್ಳ ಸಹಿ ಮಾಡಿದಿ" ಎಂದು ಹೇಳಿ ಊಟಕ್ಕೆ ಬರಲಿಲ್ಲ. ಮಕ್ಕಳು ಏನು ಹೇಳಿದರೂ ನಂಬುತ್ತಾರೆ ಎಂದು ನಿಯಮ ಬರೆದ ಕೈ ಇದೇ. ಅದನ್ನು ಹೊಡೆದುಹಾಕು. ಮಕ್ಕಳು ಎಣಿಸಿ ನೋಡುತ್ತಾರೆ.

ನಿನ್ನ ನಾಚಿಕೆಯ ಮಾತು ಓದಿ ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ಆದರೆ ಒಂದು ಮಾತು ಹೇಳಲೇಬೇಕು. ಇದನ್ನು ಆಟದೊಳಗೆ ಹೇಳಲು ಬರುವುದಿಲ್ಲ. ಗುಬ್ಬಿಗಲ್ಲ, ದೀಪಿಕಾಗೆ ಹೇಳಬೇಕು, ನೀನೇ ಹೇಳಬೇಕು.

ಬಿಬಿ


ರಾಣೆಬೆನ್ನೂರು
೧೯-೮-೨೦೦೩

ಬಿಬಿ,

ಹೇಳಿದೆ. ನಿನ್ನ ಬುದ್ಧಿಮಾತು ಬರುವ ಮೊದಲೇ ಹೇಳಬೇಕಾಯಿತು.

ಸೋಮವಾರ ಮಧ್ಯಾಹ್ನ ನಾನು ಹಿಟ್ಟಿನ ಗಿರಣಿಗೆ ಹೋಗಿದ್ದೆ. ಊಟದ ಬಿಡುವಿಗೆ ಮನೆಗೆ ಬಂದಿದ್ದ ದೀಪಿಕಾಳ ಕೈಗೇ ಅಂಚೆಯವನು ಲಕೋಟೆ ಕೊಟ್ಟಿದ್ದಾನೆ. ಮೇಲೆ ಗುಬ್ಬಿ ಎಂದಿದೆಯಲ್ಲ, ಅವಳು ಒಡೆದಿದ್ದಾಳೆ. ನಾನು ಬಂದಾಗ ಕೋಣೆಯ ಹೊಸ್ತಿಲ ಮೇಲೆ ಕುಳಿತಿದ್ದಳು. ಹಗ್ಗದ ಮೇಲಿದ್ದ ನನ್ನ ಸೀರೆಗಳನ್ನೆಲ್ಲ ತೆಗೆದು, ತನಗೆ ಬಂದ ಹಾಗೆ ಮಡಚಿ, ಒಂದರ ಮೇಲೊಂದು ಇಟ್ಟಿದ್ದಳು.

"ಗುಬ್ಬಿ ಅವ್ವ ಸಿಕ್ಲು" ಎಂದಳು. "ನೀ ಯಾವಾಗ ಹೋಗ್ತಿ?"

"ಎಲ್ಲಿಗೆ?"

"ಅವ್ವ ಬರೂತನಕ ಅಷ್ಟ ನೀ ಇರಾಕಿ ಅಂತ ಅಜ್ಜಿ ಹೇಳ್ಯಾಳ. ಅದಕ್ಕ ಗುಬ್ಬಿ ಹೊಳಿ ದಾಟಿದ್ದಿಲ್ಲ. ದಾಟಿದ್ರ ಅವ್ವ ಸಿಗ್ತಿದ್ಲು, ಅವ್ವ ಸಿಕ್ರ ನೀ ಹೋಗ್ತಿದ್ದಿ. ನನಗ ಅವ್ವಾನೂ ಬೇಕು, ನೀನೂ ಬೇಕು. ಏನ್ ಮಾಡ್ಬೇಕ ತಿಳೀಲಿಲ್ಲ. ಅದಕ್ಕ ಆಡಿಗೆ ತೊಪ್ಪಲ ಹಾಕ್ಕೋಂತ ಕುಂತಿದ್ನಿ."

ಬಿಬಿ, ಒಂದು ತಿಂಗಳಿನಿಂದ ಅವಳು ನೀರಿಗೆ ಹೆದರುತ್ತಾಳೆ ಎಂದುಕೊಂಡಿದ್ದೆ. ಎಂಟು ವರ್ಷದ ಜೀವ ತನ್ನ ಅವ್ವನನ್ನು ಆಚೆ ದಂಡೆಯಲ್ಲಿ ಕಾಯಿಸಿ ನನ್ನನ್ನು ಉಳಿಸಿಕೊಳ್ಳುತ್ತಿತ್ತು. ಆಮೇಲೂ ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲ. ಹಿಟ್ಟಿನ ಡಬ್ಬಿ ಇನ್ನೂ ಸೊಂಟದ ಮೇಲಿತ್ತು, ಇಳಿಸಿ ಅವಳ ಪಕ್ಕದಲ್ಲಿ ಕುಳಿತೆ. "ನಿಮ್ಮವ್ವ ಬರೂದಿಲ್ಲ ಪುಟ್ಟಿ. ಹುಬ್ಬಳ್ಳಿಯೊಳಗ ತೀರಿಕೊಂಡ್ರು. ಮೇಡ್ಲೇರಿ ಹೊಲದಾಗ ಮಣ್ಣು ಮಾಡ್ಯಾರ" ಎಂದೆ.

"ಯಾವಾಗ?"

"ಹೋದ ವರ್ಷ. ಸಂಕ್ರಾಂತಿ ಮುಂದ."

ಮೇಲಿದ್ದ ಸೀರೆಯ ಮಡಿಕೆ ಬಿಚ್ಚಿ ಮತ್ತೆ ಮಡಚಿದಳು. ಆಮೇಲೆ, "ಅವಾಗ ನಾ ಗುತ್ತಲದಾಗ ಗಾಳಿಪಟ ಹಾರಸ್ತಿದ್ನಿ" ಎಂದಳು. ಆಮೇಲೆ ನನ್ನನ್ನು ಹೊಡೆಯತೊಡಗಿದಳು, ಎರಡೂ ಕೈಯಿಂದ. ಹೊಡೆಸಿಕೊಂಡೆ.

ಅತ್ತೆಯವರು ಓಡಿಬಂದು, "ಹೊರಗಿಂದ ಬಂದಾಕಿ ನೀ, ನಿನಗ ಯಾರು ಹೇಳಂದ್ರು?" ಎಂದು ಬೀದಿಗೆ ಕೇಳುವಂತೆ ಬೈದರು. ಅಂಗಡಿಯಿಂದ ಬಂದ ಯಜಮಾನರು ಇಷ್ಟು ದಿನದಲ್ಲಿ ಮೊದಲ ಸಲ ತಾಯಿಗೆ ಎದುರಾಡಿದರು. "ನಾ ಹೇಳಬೇಕಾಗಿತ್ತು ಬೇ. ನನ್ನ ಕಡಿಂದ ಆಗಲಿಲ್ಲ. ಆಕಿಗೆ ಬೈಬ್ಯಾಡ" ಎಂದರು. ಅತ್ತೆಯವರು ಗೋಡೆಗೆ ಮುಖ ಮಾಡಿ ಕುಳಿತರು. ಅವರೂ ಅತ್ತರು. ಅವರು ದುಷ್ಟರಲ್ಲ, ಮೊಮ್ಮಗಳು ಅಳುವುದನ್ನು ನೋಡಲಾರದ ಮುದುಕಿ.

ಎಂಟು ದಿನವಾಯಿತು. ದೀಪಿಕಾ ನನ್ನೊಡನೆ ಮಾತಾಡುತ್ತಿಲ್ಲ. ಅರ್ಧ ರೊಟ್ಟಿ ತಿಂದು ಎದ್ದು ಹೋಗುತ್ತಾಳೆ. ಈ ಭಾನುವಾರ ಅವಳನ್ನು ಅವರಪ್ಪ ಹೊಲಕ್ಕೆ ಕರೆದುಕೊಂಡು ಹೋಗುತ್ತಾರಂತೆ. ನನ್ನನ್ನು ಯಾರೂ ಕರೆದಿಲ್ಲ. ಕರೆಯಬೇಕೆಂದು ಕೇಳಲು ನಾನು ಯಾರು? ಹೇಳಿದ್ದು ತಪ್ಪು ಎಂದು ಅನಿಸುತ್ತಿಲ್ಲ. ಆದರೆ ಅವಳನ್ನು ಕಳೆದುಕೊಂಡೆ ಎಂದು ಅನಿಸುತ್ತಿದೆ.

ಪುಷ್ಪಲತಾ


ರಾಣೆಬೆನ್ನೂರು
೨೬-೮-೨೦೦೩

ಬಿಬಿಜಾನ್ ಅಕ್ಕಾರಿಗೆ ದೀಪಿಕಾ ಮಾಡುವ ನಮಸ್ಕಾರಗಳು.

ಈ ಪತ್ರ ನಾನ ಬರದೇನ್ರಿ. ಆಕಿಗೆ ತೋರಸಿಲ್ಲ. ಅಂಚೆ ಚೀಟಿ ಅಪ್ಪ ಕೊಟ್ಟಾನ.

ನೀವು ದಾಳದ ಸುಳ್ಳ ಹೇಳಿದ್ರಿ, ಸಹಿನೂ 
ಸುಳ್ಳ ಮಾಡಿದ್ರಿ. ನನಗ ಮೊದಲ ಗೊತ್ತಾಗಿತ್ತು. ಗುಬ್ಬಿ ಅವ್ವ ಸಿಕ್ಕಿದ್ದು ಹೊಡದ ಹಾಕ್ರಿ. ಆಕಿ ಅಲ್ಲೆ ಇಲ್ಲ. ಗುಬ್ಬಿ ಅವ್ವನೂ ಸತ್ತಾಳ ಅಂತ ಬರೀರಿ. ಗುಬ್ಬಿ ಅಳ್ತಾಳ, ಅದಕ್ಕ ದಾಳ ಹಾಕಬ್ಯಾಡ್ರಿ.

ಭಾನುವಾರ ಅಪ್ಪ ಮೇಡ್ಲೇರಿಗೆ ಹೊಂಟಾಗ ನನ್ನೊಬ್ಬಾಕಿನ್ನ ಸ್ಕೂಟರ್ ಮ್ಯಾಲೆ ಕುಂದ್ರಿಸಿದ್ದ. ಆಕಿ ಬಾಗಲದಾಗ ನಿಂತಿದ್ಲು. ಬಾ ಅಂತ ಯಾರೂ ಅನ್ನಲಿಲ್ಲ. ನಾ ಇಳದು ಹೋಗಿ ಆಕಿ ಕೈ ಹಿಡದು ಜಗ್ಗಿದ್ನಿ. ಆಕಿಗೂ ಜಾಗಾ ಮಾಡಿ ಕುಂದ್ರು ಅಂತ ಅಪ್ಪ ಅಂದ. ಮೂರೂ ಮಂದಿ ಹೋದ್ವಿ. ಹೊಲದಾಗ ಹಾವು ಇಲ್ರಿ. ಕಲ್ಲು ಐತಿ, ಅದರ ಮ್ಯಾಲೆ ಅವ್ವನ ಹೆಸರು ಐತಿ. ನಾ ಓದಿದ್ನಿ. ಅಪ್ಪ ಬಾಳ ಅತ್ತ. ಆಕಿ ದೂರ ನಿಂತಿದ್ಲು, ನಾ ಕರದ ಮ್ಯಾಲೆ ಬಂದ್ಲು. ಬಂದು ಕಲ್ಲಿಗೆ ನಮಸ್ಕಾರ ಮಾಡಿ ಅವ್ವಗ ಏನೋ ಹೇಳಿದ್ಲು. ಏನ್ ಹೇಳಿದಿ ಅಂದ್ರ ನನಗ ಹೇಳಲಿಲ್ಲ.

ಇನ್ನ ಮ್ಯಾಲೆ ಆಕಿಗೆ ಅವ್ವ ಅನ್ನು ಅಂತ ಅಜ್ಜಿ ಹೇಳಾಕತ್ತಾಳ. ನಾ ಅನ್ನೂದಿಲ್ರಿ. ನಮ್ಮವ್ವ ಮೇಡ್ಲೇರಿಯೊಳಗ ಅದಾಳ. ಆಕಿಗೂ ಹಂಗ ಹೇಳೇನಿ. ನಿನಗ ಅವ್ವ ಅನ್ನೂದಿಲ್ಲ, ಆದ್ರ ನೀ ಹೋಗಬ್ಯಾಡ ಅಂದೇನಿ.

ದೀಪಿಕಾ
ಮೂರನೇ ಇಯತ್ತೆ